ರೊಟ್ಟಿ ಬಡಿಯದ ಕೈ ನೋಯುತ್ತಿತ್ತು

ನನ್ನ ತಮ್ಮ ಮಲ್ಲಿನಾಥನದು ಅಫಜಲಪುರದಲ್ಲಿ ಒಂದು ಔಷಧದ ಅಂಗಡಿ. ಆ ಅಂಗಡಿಯ ಗ್ಯಾಸಿನ ಗುಳಿಗೆಗಳನ್ನು ನಾನು ಏಳು ತಿಂಗಳು ನುಂಗಿದ್ದೇನೆ. ಗುಲಾಬಿ ಬಣ್ಣದ್ದು ಮುಂಜಾನೆಗೆ, ಹಳದಿಯದು ಊಟಕ್ಕೆ ಮುಂಚೆ, ಮೇಲೆ ಸುಣ್ಣದ ತಿಳಿಯಂಥ ಒಂದು ಬಾಟಲಿ. ಈಗ ನನ್ನ ಹೃದಯದ ನಾಳವೊಂದರಲ್ಲಿ ಬಾಲ್‌ಪೆನ್ನಿನ ಸ್ಪ್ರಿಂಗಿನಂಥ ಒಂದು ಸ್ಟೆಂಟು ಕುಳಿತಿದೆ. ಹೇಗೆ ಉಳಿದಿರಿ ಎಂದು ಕೇಳಿದವರಿಗೆಲ್ಲ ಡಾಕ್ಟರರ ಕೈಗುಣ, ಗುರುಹಿರಿಯರ ಆಶೀರ್ವಾದ ಎನ್ನುತ್ತೇನೆ. ಅದು ಸುಳ್ಳಲ್ಲ, ಆದರೆ ಪೂರ್ತಿ ಖರೆಯೂ ಅಲ್ಲ. ನಾನು ಉಳಿದದ್ದು ಮಲ್ಲಿನಾಥನ ಮೇಲಿನ ಸಿಟ್ಟಿನಿಂದ. ಒಂದು ಕಾಗದವನ್ನು ಅವನ ಕೈಯಿಂದಲೇ ನಾಲ್ಕು ಮಂದಿಯ ಮುಂದೆ ಓದಿಸುವವರೆಗೆ ಸಾಯುವುದಿಲ್ಲ ಎಂದು ಹಟ ಹಿಡಿದಿದ್ದೆ.

ಎದೆಯುರಿಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಓಡಾಡುವ ಹೆಂಗಸರು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಒಬ್ಬ ಮಲ್ಲಿನಾಥ ಇದ್ದೇ ಇರುತ್ತಾನೆ.

ನನ್ನ ತವರು ಜೇವರ್ಗಿ ತಾಲೂಕಿನ ಅಂದೋಲಾ, ಕೊಟ್ಟದ್ದು ಅಫಜಲಪುರ ತಾಲೂಕಿನ ಅತನೂರಿಗೆ. ಮಾತು ಮತ್ತು ರೊಟ್ಟಿ ಎರಡನ್ನೂ ನನಗೆ ಕಲಿಸಿದವಳು ಅಪ್ಪನ ತಾಯಿ, ನಮ್ಮ ಆಯಿ. ಅವಳು ಒಲೆಯ ಮುಂದೆ ಕಥೆ ಹೇಳುತ್ತಲೇ ರೊಟ್ಟಿ ಬಡಿಯುತ್ತಿದ್ದಳು. ಕಥೆಯೊಳಗೆ ರಾಕ್ಷಸ ಬಂದರೆ ಸಪ್ಪಳ ಜೋರಾಗುತ್ತಿತ್ತು, ರಾಜಕುಮಾರಿ ಮಲಗಿದರೆ ಮೆಲ್ಲಗಾಗುತ್ತಿತ್ತು. ಅವಳ ಪದ್ಧತಿಯಲ್ಲಿ ಬಡಿಯುವುದೆಲ್ಲ ಬಲಗೈ. ಎಡಗೈ ಬೆರಳುಗಳನ್ನು ಅಂಚಿಗೆ ತಾಗಿಸಿ, ತೊಟ್ಟಿಲು ತೂಗಿದ ಹಾಗೆ, ರೊಟ್ಟಿಯನ್ನು ಸುಮ್ಮನೆ ತಿರುಗಿಸಬೇಕು. ಎರಡೂ ಕೈ ಹಾಕಿ ಬಡಿದರೆ ಆಯಿ ಸಟ್ಟುಗದಿಂದ ಎಡಗೈಗೆ ಒಂದು ಕೊಡುತ್ತಿದ್ದಳು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹನ್ನೆರಡು ವರ್ಷಗಳಿಂದ ನಾನು ಮತ್ತು ಪಕ್ಕದ ಮನೆಯ ಖಾಸಿಂಬಿ ಕೂಡಿ ಖಾನಾವಳಿಗಳಿಗೆ ಕಟಕ ರೊಟ್ಟಿ, ಅಂದರೆ ಗರಿಗರಿಯಾಗಿ ಒಣಗಿಸಿದ ಜೋಳದ ರೊಟ್ಟಿ, ಮಾಡಿಕೊಡುತ್ತೇವೆ. ನಾನು ಬಡಿಯುತ್ತೇನೆ, ಅವಳು ಬೇಯಿಸುತ್ತಾಳೆ. ಒಂದು ಮುಂಜಾನೆ ರೊಟ್ಟಿಯ ಬುಟ್ಟಿ ಹೊತ್ತು ಬಸ್ಸಿನ ಕಡೆ ನಡೆಯುವಾಗ ಎದೆಯ ನಡುವೆ ಯಾರೋ ಬೀಸುಕಲ್ಲು ಇಟ್ಟಂತಾಯಿತು. ಅಲ್ಲಿಂದ ಒಂದು ಎಳೆತ ಎಡಗೈಗುಂಟ ಇಳಿದು ಕಿರುಬೆರಳಿಗೆ ಬಂತು. ಕಟ್ಟೆಯ ಮೇಲೆ ಐದು ನಿಮಿಷ ಕೂತೆ, ಹೋಯಿತು. ಮರುದಿನ ಅದೇ ಜಾಗದಲ್ಲಿ ಮತ್ತೆ ಬಂತು. ಕೂತರೆ ಹೋಗುತ್ತದೆ, ನಡೆದರೆ ಬರುತ್ತದೆ.

ನಮ್ಮ ಮನೆತನದಲ್ಲಿ ಒಂದು ರೂಢಿಯಿದೆ. ಯಾರಿಗೆ ಏನಾದರೂ ಮೊದಲು ಮಲ್ಲಿನಾಥನ ಅಂಗಡಿ. ದವಾಖಾನೆಯ ಇಂಗ್ಲಿಷ್ ಕಾಗದ ಯಾವುದೇ ಬರಲಿ, ಓದಿ ಹೇಳುವವನು ಮಲ್ಲಿನಾಥ. ಭೂಸನೂರಿಗೆ ಕೊಟ್ಟ ನನ್ನ ತಂಗಿ ಸುವರ್ಣಾಳ ಗಂಡನಂತೂ ಅವನನ್ನು ಡಾಕ್ಟರ್ ಸಾಹೇಬರೇ ಎಂದೇ ಕರೆಯುತ್ತಿದ್ದ. ಮಲ್ಲಿನಾಥ ಬೇಡ ಎಂದು ಒಮ್ಮೆಯೂ ಹೇಳಿದ್ದಿಲ್ಲ.

ನಾನೂ ಅವನ ಅಂಗಡಿಗೇ ಹೋದೆ. ಮಲ್ಲಿನಾಥ ನನ್ನ ಮಾತನ್ನು ಪೂರ್ತಿ ಕೇಳಲಿಲ್ಲ, ಡ್ರಾಯರು ಎಳೆದೇಬಿಟ್ಟ.

"ಯಕ್ಕಾ, ಒಲಿ ಮುಂದ ಕುಂತು ಕುಂತು ಪಿತ್ತ ಏರ್ಯಾದ. ಕೈ ನೋವು ರೊಟ್ಟಿ ಬಡದು ಬಡದು ಬಂದದ್ದು. ಗುಳಿಗಿ ತಗೋ, ಸುಮ್ಮ ಇರು."

ರೊಟ್ಟಿ ಬಡಿದು ಕೈ ನೋಯುತ್ತಿದೆ. ಎಷ್ಟು ಸಲೀಸಾದ ಮಾತು ನೋಡಿ. ನಮ್ಮವರು, ಅಂದರೆ ನನ್ನ ಯಜಮಾನರು, ಒಪ್ಪಿದರು. ಓಣಿಯವರೂ ಒಪ್ಪಿದರು. ನಾಚಿಕೆಯ ಮಾತೆಂದರೆ ನಾನೂ ಒಪ್ಪಿದೆ. ಆಯಿಯ ಕೈಯಲ್ಲಿ ಏಟು ತಿಂದು ಕಲಿತವಳಿಗೆ, ಬಡಿಯುವ ಕೈ ಯಾವುದು, ನೋಯುವ ಕೈ ಯಾವುದು ಎಂಬುದು ಹೊಳೆಯಲೇ ಇಲ್ಲ.

ಮೂರನೆಯ ತಿಂಗಳಲ್ಲಿ ನಮ್ಮವರ ಒತ್ತಾಯಕ್ಕೆ ಅಫಜಲಪುರದ ಒಂದು ದವಾಖಾನೆಯಲ್ಲಿ ಇಸಿಜಿ ತೆಗೆದರು. ಎದೆಗೆ ಬಿಲ್ಲೆಗಳನ್ನು ಅಂಟಿಸಿ ಒಂದು ಪಟ್ಟಿ ಹರಿದು ಕೊಟ್ಟರು. ಆ ಹೊತ್ತಿಗೆ ನಾನು ಮಂಚದ ಮೇಲೆ ಆರಾಮಾಗಿ ಮಲಗಿದ್ದೆ, ನೋವು ಹತ್ತಿರಕ್ಕೂ ಸುಳಿದಿರಲಿಲ್ಲ. ಪಟ್ಟಿ ಸರಿಯಾಗಿಯೇ ಬಂತು. ಮಲ್ಲಿನಾಥ ಅದನ್ನು ಬೆಳಕಿಗೆ ಹಿಡಿದು, ನೋಟಿನ ನೀರುಗುರುತು ನೋಡುವವನಂತೆ ನೋಡಿ, ನಾರ್ಮಲ್ ಎಂದ.

ನೋವು ಮಾತ್ರ ಹೋಗಲಿಲ್ಲ. ಆರನೆಯ ತಿಂಗಳು ಕಲಬುರಗಿಯಲ್ಲಿ ಓಡುವ ಪಟ್ಟಿಯ ಮೇಲೆ ನಡೆಸುವ ಪರೀಕ್ಷೆ ಮಾಡಿಸಿದರು. ಟ್ರೆಡ್‌ಮಿಲ್ ಎಂದರೆ ಏನೆಂದು ನನಗೆ ಯಾರೂ ಹೇಳಿರಲಿಲ್ಲ. ನಾನು ದೊಡ್ಡ ಊರಿಗೆ ಹೋಗುವುದೆಂದು ಹೊಸ ಇಳಕಲ್ ಸೀರೆ ಉಟ್ಟು, ನೆರಿಗೆ ಒಪ್ಪವಾಗಿ ಹಿಡಿದು ಹೋಗಿದ್ದೆ. ಮೈಗೆಲ್ಲ ವೈರು ಕಟ್ಟಿ ಯಂತ್ರ ಚಾಲೂ ಮಾಡಿದರು. ನೆಲ ಹಿಂದಕ್ಕೆ ಓಡತೊಡಗಿತು, ನನ್ನ ನೆರಿಗೆ ಕಾಲಿಗೆ ಸುತ್ತತೊಡಗಿತು. ಒಂದು ಕೈ ಕಂಬಿಗೆ, ಒಂದು ಕೈ ನೆರಿಗೆಗೆ. ಎರಡೂವರೆ ನಿಮಿಷಕ್ಕೆ ಮುಗ್ಗರಿಸಿದೆ, ಯಂತ್ರ ನಿಲ್ಲಿಸಿದರು. ಅಲ್ಲಿದ್ದ ಹುಡುಗಿ ಏನೋ ಹೇಳಿದಳು, ನಾನು ಸೀರೆ ಸರಿಮಾಡಿಕೊಳ್ಳುವುದರಲ್ಲಿದ್ದೆ. ಕಾಗದ ಮಲ್ಲಿನಾಥನ ಕೈಗೆ ಹೋಯಿತು. ಅವನು ಮೊದಲ ಸಾಲು ಓದಿದ, ಮಡಚಿ ಫೈಲಿಗೆ ಹಾಕಿದ, ಏನೂ ಇಲ್ಲ ನಡೀರಿ ಎಂದ.

ಅಷ್ಟಕ್ಕೇ ಬಿಟ್ಟಿದ್ದರೆ ಬಹುಶಃ ನಾನು ಇಷ್ಟು ಬರೆಯುತ್ತಿರಲಿಲ್ಲ. ಮುಂದಿನ ವಾರವೇ ಭೂಸನೂರಿನಲ್ಲಿ ಸುವರ್ಣಾಳ ಮೊಮ್ಮಗನ ತೊಟ್ಟಿಲ ಕಾರ್ಯ. ಸಕ್ಕರೆ ಫ್ಯಾಕ್ಟರಿಯ ಕಡೆಯಿಂದ ಕಬ್ಬಿನ ಹಾಲು ಕುದಿಯುವ ವಾಸನೆ, ಮನೆ ತುಂಬ ನಮ್ಮ ಬಳಗ. ನಾನು ಮೇಲ್ಮಹಡಿಯ ಮೆಟ್ಟಿಲು ಹತ್ತುವಾಗ ನಡುವೆಯೇ ಎದೆ ಹಿಡಿದು ಕೂತೆ. ತಂಗಿ ಓಡಿ ಬಂದಳು. ಕೆಳಗೆ ಎಲೆಯ ಮುಂದೆ ಕೂತಿದ್ದ ಮಲ್ಲಿನಾಥ ಕೈ ಕೂಡ ತೊಳೆಯದೆ ಅಲ್ಲಿಂದಲೇ ಹೇಳಿದ.

"ಬಿಡ್ರಿ, ಅಕ್ಕನ ಹಾರ್ಟ್ ನಾ ಓದೇನಿ. ಕಬ್ಬಿಣ ಅದಾ ಕಬ್ಬಿಣ. ಮೊದಲಿಂದ ಆಕಿಗಿ ನಾಕ್ ಮಂದಿ ತನ್ನ ಕಡೆ ನೋಡಬೇಕು."

ಎಲ್ಲರೂ ನಕ್ಕರು. ನಮ್ಮವರೂ ಸಣ್ಣಗೆ ನಕ್ಕರು. ನಾನೂ ನಕ್ಕೆ. ನಗದೆ ಏನು ಮಾಡಲಿ? ಆದರೆ ಆ ಮೆಟ್ಟಿಲು ಇವತ್ತಿಗೂ ನನಗೆ ಗೊತ್ತು, ಕೆಳಗಿನಿಂದ ಆರನೆಯದು.

ಊರಿಗೆ ಬಂದ ಮೇಲೆ ಒಂದು ದಿನ ರೊಟ್ಟಿ ಬಡಿಯುತ್ತಿದ್ದೆ. ಖಾಸಿಂಬಿ ಹಂಚಿನ ಮುಂದೆ ಕೂತವಳು ಬಟ್ಟೆಯಿಂದ ರೊಟ್ಟಿ ಒತ್ತುವುದು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಅವಳು ಮಾತು ಕಡಿಮೆಯ ಹೆಂಗಸು. ಆಡಿದರೆ ಮಾತ್ರ ನಡುವಿಗೇ ಆಡುತ್ತಾಳೆ.

"ಅಕ್ಕಾ, ಬಡಿಯೋದು ಬಲಗೈ. ನೀ ಎಡಗೈ ಯಾಕ ತಿಕ್ಕಾಕತ್ತಿ?"

ನನ್ನ ಕೈ ಹಿಟ್ಟಿನ ಮೇಲೆ ನಿಂತುಬಿಟ್ಟಿತು. ಏಳು ತಿಂಗಳು, ಒಂದು ಮನೆತನದ ತುಂಬ ಜಾಣರು, ಒಬ್ಬ ಡಾಕ್ಟರ್ ಸಾಹೇಬ. ಕೇಳಿದವಳು ಇವಳೊಬ್ಬಳು. ಖಾಸಿಂಬಿ ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದು ನೀರು ಚಿಮುಕಿಸಿದಳು. ಇವತ್ತು ಖಾನಾವಳಿಯವರು ಅನ್ನ ಉಣ್ಣಲಿ, ಸೀರೆ ಬದಲಿಸು, ಜಲ್ದಿ ನಡಿ ಎಂದಳು. ನಮ್ಮವರಿಗೂ ಅವಳೇ ಹೇಳಿದಳು. ಮಲ್ಲಿನಾಥನಿಗೆ ಹೇಳಬೇಡಿ ಎಂದು ಹೇಳಿದ್ದು ಮಾತ್ರ ನಾನು.

ಕಲಬುರಗಿಯ ಆ ದೊಡ್ಡ ದವಾಖಾನೆಯ ಕಾಯುವ ಜಾಗವನ್ನು ನಾನು ಮರೆಯುವಂತಿಲ್ಲ. ಉಕ್ಕಿನ ಕುರ್ಚಿಗಳು, ಪ್ರತಿಯೊಬ್ಬರ ತೊಡೆಯ ಮೇಲೆ ಒಂದೊಂದು ಫೈಲು. ಮದುವೆಗೆ ಬಂದವರು ಉಡುಗೊರೆ ಹಿಡಿದು ಕೂತಂತೆ ಎಲ್ಲರೂ ಫೈಲು ಹಿಡಿದು ಕೂತಿದ್ದರು. ಪಕ್ಕದಲ್ಲಿ ಆಳಂದದ ಕಡೆಯ ಒಬ್ಬ ಮುದುಕ. ಅವನಿಗೆ ಇದು ಎರಡನೆಯ ಸಲವಂತೆ. ಒಳಗೆ ಏನು ಮಾಡುತ್ತಾರೆ ಎಂದು ಹೆದರಿ ಕೇಳಿದೆ. ಚೀಲದಿಂದ ಒಂದು ಹಿಡಿ ಹುರಿದ ಶೇಂಗಾ ತೆಗೆದು ನನ್ನ ಕೈಗೆ ಹಾಕಿದ. ಹಲ್ಲು ಗಟ್ಟಿ ಅದಾವಲ್ಲ ತಾಯಿ, ಬಾಕಿದ್ದೆಲ್ಲ ಅವರು ನೋಡ್ಕೋತಾರ ಎಂದ. ಅವತ್ತು ನನಗೆ ಸಿಕ್ಕ ಮೊದಲ ಔಷಧ ಆ ಶೇಂಗಾ.

ಡಾಕ್ಟರ್ ಹೆಣ್ಣುಮಗಳು, ನನ್ನ ಮಗಳ ವಾರಿಗೆಯವಳು. ಏನಾಗುತ್ತದೆ ಎಂದು ಕೇಳಿದಾಗ ನನ್ನ ಬಾಯಿಂದ ಮಲ್ಲಿನಾಥನ ಮಾತೇ ಬಂತು. ಗ್ಯಾಸ್ ಅದಾ ಮೇಡಂ, ಕೈ ನೋವು ರೊಟ್ಟಿ ಬಡದದ್ದು. ಪಕ್ಕದಲ್ಲಿ ನಿಂತಿದ್ದ ಖಾಸಿಂಬಿ ನನ್ನ ರಟ್ಟೆ ಚಿವುಟಿದಳು.

"ಸುಳ್ಳು ಹೇಳಬ್ಯಾಡ. ಮೇಡಂ, ಈಕಿ ಬಡಿಯೋದ ಒಂದ್ ಕೈ, ನೋಯೋದ ಇನ್ನೊಂದ್ ಕೈ."

ಡಾಕ್ಟರ್ ಪೆನ್ನು ಕೆಳಗಿಟ್ಟರು. ಹೇಗೆ ಬಡಿಯುತ್ತೀರಿ, ತೋರಿಸಿ ಎಂದರು. ನಾನು ಅವರ ಗಾಜಿನ ಮೇಜಿನ ಮೇಲೆ ಇಲ್ಲದ ಹಿಟ್ಟನ್ನು ಬಡಿದು ತೋರಿಸಿದೆ. ಬಲಗೈ ತಪತಪ ಎನ್ನುತ್ತಿತ್ತು, ಎಡಗೈ ತೊಟ್ಟಿಲು ತೂಗುತ್ತಿತ್ತು. ನಡೆದರೆ ಬರುತ್ತದೆಯೇ, ಕೂತರೆ ಹೋಗುತ್ತದೆಯೇ ಎಂದು ಕೇಳಿದರು. ಹೌದೆಂದೆ. ಫೈಲಿನ ಕಾಗದಗಳನ್ನು ಒಂದೊಂದಾಗಿ ತಿರುವಿ, ಆ ಓಡುವ ಪಟ್ಟಿಯ ಕಾಗದಕ್ಕೆ ಬಂದಾಗ ತಲೆಯೆತ್ತಿ, ಇದನ್ನು ನಿಮಗೆ ಓದಿ ಹೇಳಿದವರು ಯಾರು ಎಂದು ಕೇಳಿದರು.

ನಮ್ಮ ತಮ್ಮ ಎಂದೆ.

ಮೊದಲ ಸಾಲಿನಲ್ಲಿ, ನಡೆದಷ್ಟು ಹೊತ್ತು ದೋಷ ಕಾಣಲಿಲ್ಲ ಎಂದಿತ್ತಂತೆ. ಕೆಳಗೆ ಎರಡನೆಯ ಸಾಲಿತ್ತು. ಬೇಕಾದಷ್ಟು ನಡೆದಿಲ್ಲ, ಪರೀಕ್ಷೆ ಅಪೂರ್ಣ, ಇದರಿಂದ ಏನೂ ತೀರ್ಮಾನಿಸಬಾರದು, ಬೇರೆ ಪರೀಕ್ಷೆ ಆಗಬೇಕು. ಅಚ್ಚಾದ ಅಕ್ಷರ, ಕೆಳಗೆ ಗೆರೆ ಬೇರೆ ಎಳೆದಿದ್ದರು.

ನನಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಆರನೆಯ ಮೆಟ್ಟಿಲು ನೆನಪಾಯಿತು. ಮೈಯೆಲ್ಲ ಬಿಸಿಯಾಗಿ, ಇವನು ಇದನ್ನು ಓದುವುದನ್ನು ನಾನು ನೋಡಬೇಕು ಎಂದುಕೊಂಡೆ. ಆ ಕಾಗದವನ್ನು ಫೈಲಿನಿಂದ ತೆಗೆದು ಕುಪ್ಪಸದೊಳಗೆ ಇಟ್ಟುಕೊಂಡೆ.

ಅವತ್ತೇ ಎದೆಗೆ ತಣ್ಣನೆಯ ಅಂಟು ಸವರಿ ಎಕೋ ಮಾಡಿದರು. ಪರದೆಯ ಮೇಲೆ ನನ್ನ ಹೃದಯ ಬಾಯಿ ತೆರೆದು ಮುಚ್ಚುತ್ತಿತ್ತು. ಒಂದು ಬದಿಯ ಗೋಡೆ ಸೋಮಾರಿಯಾಗಿದೆ ಎಂದರು. ಮರುದಿನ ಮುಂಜಾನೆ ಎಂಜಿಯೋಗ್ರಾಮ್. ನಾಳದೊಳಗೇ ಹೋಗಿ ನೋಡುತ್ತೇವೆ, ಅಡ್ಡಿ ಕಂಡರೆ ಅಲ್ಲೇ ತೆಗೆಯುತ್ತೇವೆ ಎಂದರು. ಎಲ್ಲಿಂದ ಹೋಗುತ್ತೀರಿ ಎಂದೆ. ಬಲಗೈ ಮಣಿಕಟ್ಟಿನಿಂದ. ನನಗೆ ಅಳು ಬಂದದ್ದು ಆಗಲೇ. ಎದೆ ಏನಾದರೂ ಮಾಡಿಕೊಳ್ಳಿ, ರೊಟ್ಟಿಯ ಕೈ ಯಾಕೆ?

ಮುಂಜಾನೆ ನರ್ಸು ಬಂದು ಬಲಗೈಯ ಬಳೆ ತೆಗೆಯಿರಿ ಎಂದಳು. ಹಸಿರು ಗಾಜಿನ ಬಳೆ, ತೊಟ್ಟಿಲಿನ ದಿನ ತಂಗಿ ಇಡಿಸಿದವು. ನಮ್ಮವರು ಎದುರಿಗೇ ಇರುವಾಗ ಬರಿಗೈ ಮಾಡಿಕೊಳ್ಳುವುದೆಂದರೆ ನಮ್ಮ ಕಡೆಯ ಹೆಂಗಸಿಗೆ ಏನೆಂದು ಹೇಳಬೇಕಿಲ್ಲ. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ನಮ್ಮವರು ಕಿಟಕಿಯ ಕಡೆ ತಿರುಗಿದರು. ಆ ಮನುಷ್ಯನ ಭುಜ ಅಲುಗುತ್ತಿದ್ದದ್ದನ್ನು ಮದುವೆಯಾದ ಮೇಲೆ ಮೊದಲ ಸಲ ನೋಡಿದೆ. ತೊಟ್ಟಿಲಿನ ದಿನದ ಅವರ ನಗೆಯನ್ನು ಅಲ್ಲಿಗೇ ಮನ್ನಿಸಿಬಿಟ್ಟೆ.

ಖಾಸಿಂಬಿ ಸಬೂನು ಹಚ್ಚಿ ಬಳೆಗಳನ್ನು ಒಂದೊಂದಾಗಿ ಜಾರಿಸಿದಳು. ಜಾರಿಸಿದ ಹಾಗೆ ತನ್ನ ಕೈಗೆ ಹಾಕಿಕೊಂಡಳು.

"ತಗದಿಲ್ಲ ಅಕ್ಕಾ. ನೀ ಬರೋತನಕ ನನ್ನ ಕೈಯಾಗ ಇರ್ತಾವ. ಒಂದೂ ಒಡೆಯಾಕ ಬಿಡಂಗಿಲ್ಲ."

ಒಳಗೆ ಚಳಿ. ಮಣಿಕಟ್ಟಿಗೆ ಒಂದು ಸೂಜಿ, ಆಮೇಲೆ ನೋವಿಲ್ಲ, ಕೈಯೊಳಗೆ ಏನೋ ಹರಿದುಹೋದಂತಾಯಿತು ಅಷ್ಟೇ. ಔಷಧ ಬಿಟ್ಟಾಗ ಎದೆಯೊಳಗೆ ಬಿಸಿ ಹಾಲು ಇಳಿದಂತಿತ್ತು. ಪರದೆಯಲ್ಲಿ ಬೇವಿನ ಟೊಂಗೆಯಂಥ ಕಪ್ಪು ನಾಳಗಳು ಮೂಡಿ ಮಾಯವಾಗುತ್ತಿದ್ದವು. ಒಂದು ಟೊಂಗೆ ನಡುವೆ ನೂಲಿನಷ್ಟಾಗಿತ್ತು. ಅದು ಹೃದಯದ ಮುಂಭಾಗದ ದೊಡ್ಡ ನಾಳವಂತೆ. ಡಾಕ್ಟರ್ ಬೆರಳಿಟ್ಟು ತೋರಿಸಿ, ಕಂಡಿತೇ ಎಂದರು. ಕಂಡಿತು ಎಂದೆ. ಇದರ ಫೋಟೊ ಕೊಡುತ್ತೀರಾ ಎಂದು ಕೇಳಿದೆ. ಆ ಮಂಚದ ಮೇಲೆ ಮಲಗಿ ಅದನ್ನು ಕೇಳಿದವರಲ್ಲಿ ನಾನೇ ಮೊದಲಿಗಳಂತೆ. ಫೋಟೊ ಅಲ್ಲ, ಸಿನಿಮಾನೇ ಕೊಡುತ್ತೇವೆ ಎಂದು ನಕ್ಕರು. ಸ್ಟೆಂಟು ಹಾಕಿದ ಮೇಲೆ ಆ ನೂಲು ಮತ್ತೆ ಟೊಂಗೆಯಾದದ್ದನ್ನೂ ನೋಡಿದೆ.

ಮೂರನೆಯ ದಿನ ಮಲ್ಲಿನಾಥ ಬಂದ. ಮೋಸಂಬಿ ತಂದಿದ್ದ. ನಮ್ಮವರ ಮುಂದೆ, ವಾರ್ಡಿನ ಮಂದಿಯ ಮುಂದೆ ಗಂಟಲು ಸರಿಮಾಡಿಕೊಂಡು, ನಾ ಮೊದಲೇ ಹೇಳಿದ್ದೆ ದೊಡ್ಡ ದವಾಖಾನಿಗಿ ತೋರಸ್ರಿ ಅಂತ ಎಂದ. ನಮ್ಮವರು ಬಾಯಿ ತೆರೆದರು. ನಾನು ಕಣ್ಣಿನಲ್ಲೇ ಬೇಡ ಎಂದೆ. ಮೋಸಂಬಿ ಸುಲಿದು ತಿಂದೆ. ಸಿಹಿಯಾಗಿತ್ತು.

ಐದು ತಿಂಗಳು ಕಾದೆ. ಗುಳಿಗೆ ತಪ್ಪಿಸಲಿಲ್ಲ, ನಡಿಗೆ ತಪ್ಪಿಸಲಿಲ್ಲ, ಉಪ್ಪು ಎಣ್ಣೆ ಬಿಟ್ಟೆ. ಎಲ್ಲರೂ ನನ್ನ ಶಿಸ್ತು ಹೊಗಳಿದರು. ಒಳಗಿನ ಮಾತು ಖಾಸಿಂಬಿಗೆ ಮಾತ್ರ ಗೊತ್ತಿತ್ತು. ತೊಟ್ಟಿಲಿನ ಕೂಸಿಗೆ ಭೂಸನೂರಿನಲ್ಲಿ ಜವಳ, ಅಂದರೆ ಮೊದಲ ಕೂದಲು, ತೆಗೆಯುವ ದಿನ ಬಂತು. ಅದೇ ಮನೆ, ಅದೇ ಬಳಗ. ಊಟವಾದ ಮೇಲೆ ಎಲ್ಲರೂ ತೊಟ್ಟಿಲಿನ ವಿಡಿಯೋ ನೋಡೋಣವೆಂದು ಟಿವಿಯ ಮುಂದೆ ಕೂತರು. ನಾನು ಸುವರ್ಣಾಳ ಗಂಡನ ಕೈಗೆ ಪೆನ್‌ಡ್ರೈವ್ ಕೊಟ್ಟು, ಮೊದಲು ಇದನ್ನು ಹಚ್ಚಿ ಎಂದೆ. ನನ್ನ ಮಗಳು ಸಿನಿಮಾವನ್ನು ಅದರೊಳಗೆ ಹಾಕಿಕೊಟ್ಟಿದ್ದಳು.

ಬೂದುಬಣ್ಣದ ಪರದೆ, ಮೂಡಿ ಮಾಯವಾಗುವ ಟೊಂಗೆ. ಯಾರದೋ ಹೊಲದ ನಕಾಶೆಯೇ ಎಂದು ಒಬ್ಬಳು ಕೇಳಿದಳು. ನನ್ನ ಎದೆ ಎಂದೆ. ನಾನು ಎದ್ದು ನಿಂತು, ಆಯಿ ಕಥೆ ಹೇಳುತ್ತಿದ್ದಳಲ್ಲ, ಹಾಗೆ ಹೇಳಿದೆ. ಇದು ದಾರಿ, ಇಲ್ಲಿ ದಾರಿ ನೂಲಾಯಿತು, ಈ ಮನೆಯ ಆರನೆಯ ಮೆಟ್ಟಿಲಿನ ಮೇಲೆ ನಾನು ಕೂತಾಗ ಇಷ್ಟೇ ಉಳಿದಿತ್ತು. ಆಮೇಲೆ ಕುಪ್ಪಸದಿಂದ ಕಾಗದ ತೆಗೆದು ಮಲ್ಲಿನಾಥನ ಕೈಗೆ ಕೊಟ್ಟೆ.

"ತಮ್ಮಾ, ಮನಿತನದ ಕಾಗದೆಲ್ಲ ನೀನೇ ಓದಾಂವ. ಇದನ್ನೂ ಓದು."

ಮೊದಲ ಸಾಲು ಓದಿದ. ಕನ್ನಡದಲ್ಲಿ ಹೇಳು ಎಂದೆ, ಹೇಳಿದ.

"ಕೆಳಗಿಂದೂ ಓದು."

"ಯಕ್ಕಾ, ಈಗ ಅದೆಲ್ಲ ಯಾಕ..."

"ಗೆರಿ ಎಳದಾರ. ಓದು."

ಓದಿದ. ಅಪೂರ್ಣ ಎನ್ನುವಾಗ ದನಿ ಒಡೆಯಿತು. ಯಾರೂ ನಗಲಿಲ್ಲ. ಸುವರ್ಣಾಳ ಗಂಡ ಅವತ್ತು ಅವನನ್ನು ಡಾಕ್ಟರ್ ಸಾಹೇಬ ಎಂದು ಕರೆಯಲಿಲ್ಲ, ಇವತ್ತಿನವರೆಗೂ ಕರೆದಿಲ್ಲ. ಆ ಗಳಿಗೆಯ ಸುಖವನ್ನು ನಾನು ಯಾರ ಮುಂದೆಯೂ ಮುಚ್ಚಿಡುವುದಿಲ್ಲ. ಸ್ಟೆಂಟು ಹಾಕಿದ ದಿನಕ್ಕಿಂತ ಅವತ್ತು ನನ್ನ ಎದೆ ಹೆಚ್ಚು ಹಗುರಾಗಿತ್ತು.

ಅಷ್ಟರಲ್ಲಿ ಅವನ ಹೆಂಡತಿ ಭಾರತಿ ಬಾಗಿಲ ಬಳಿ ಅಳತೊಡಗಿದಳು. ಇವರಿಗೂ ಎದೆ ಉರಿಯುತ್ತದೆ, ಎರಡು ತಿಂಗಳಿಂದ ಅಂಗಡಿಯ ಅದೇ ಗುಳಿಗೆ ನುಂಗುತ್ತಿದ್ದಾರೆ ಎಂದಳು. ಎಲ್ಲರ ಕಣ್ಣು ನನ್ನ ಮೇಲೆ. ಸುಮ್ಮನೆ ಇರು, ಕಬ್ಬಿಣ ಅದಾ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳೇಕೆ ಹೇಳಲಿ. ನುಂಗಿಕೊಂಡು, ನಾಳೆ ಮುಂಜಾನೆ ಕಲಬುರಗಿ, ಪ್ಯಾಂಟು ಹಾಕಿಕೊಂಡು ಬಾ ಎಂದೆ.

ಅವನನ್ನು ಅದೇ ಓಡುವ ಪಟ್ಟಿಯ ಮೇಲೆ ನಡೆಸಿದರು. ಹೊರಗೆ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತು, ಪೂರ್ತಿ ನಡೆಸಿರಿ, ನಡುವೆ ಬಿಡಬೇಡಿರಿ ಎಂದು ಎರಡು ಸಲ ಕೂಗಿ ಹೇಳಿದೆ. ಬೆವರು ಸುರಿಸುತ್ತ ಹೊರಬಂದ. ಡಾಕ್ಟರ್ ಎರಡೂ ಸಾಲು ಓದಿದರು. ಪೂರ್ತಿ ನಡೆದಿದ್ದಾನೆ, ದೋಷವಿಲ್ಲ. ಉಳಿದ ಪರೀಕ್ಷೆಯಲ್ಲೂ ಏನೂ ಕಾಣಲಿಲ್ಲ. ಅವನದು ಖರೇನೇ ಗ್ಯಾಸು.

ಒಂದು ಉಸಿರಿನಷ್ಟು ಹೊತ್ತು ನನಗೆ ನಿರಾಸೆಯಾಯಿತು. ಒಡಹುಟ್ಟಿದವನ ಎದೆ ಚೆನ್ನಾಗಿದೆ ಎಂದಾಗ ನಿರಾಸೆ. ನನ್ನನ್ನು ನೀವು ಏನೆಂದುಕೊಂಡರೂ ಸರಿಯೇ. ಮರು ಉಸಿರಿಗೆ ಕಣ್ಣಲ್ಲಿ ನೀರು ಬಂತು, ಅದನ್ನು ಅವನಿಗೆ ತೋರಿಸಲಿಲ್ಲ. ಬಸ್ಸಿನಲ್ಲಿ ಅವನು, ಯಕ್ಕಾ ತಪ್ಪಾಯ್ತು ಎಂದ. ತಪ್ಪಾಯಿತು ಎನ್ನುವುದು ಸಲೀಸು, ಅದು ಬೇಡ ಎಂದು ನನಗೆ ಬೇಕಾದದ್ದನ್ನು ಹೇಳಿದೆ.

ಈಗ ವಾರಕ್ಕೊಮ್ಮೆ ಸಂತೆಯ ದಿನ ನಾನು ಅವನ ಅಂಗಡಿಯಲ್ಲಿ ಕೂರುತ್ತೇನೆ. ಗಲ್ಲೆಯ, ಅಂದರೆ ದುಡ್ಡು ಎಣಿಸುವ ಮೇಜಿನ, ಪಕ್ಕದ ಸ್ಟೂಲು ನನ್ನದು. ಎದೆಯುರಿ ಎಂದು ಬಂದವರಿಗೆ ಅವನು ನನ್ನ ಎದುರು ಕೇಳಲೇಬೇಕು. ನಡೆದರೆ ಬರುತ್ತದೆಯೇ, ಕೂತರೆ ಹೋಗುತ್ತದೆಯೇ, ಕೈ ನೋಯುತ್ತದೆಯೇ, ಯಾವ ಕೈ. ನಾನು ಕೂರುವುದು ಅವನಿಗೆ ಚೂರೂ ಇಷ್ಟವಿಲ್ಲ. ಗಿರಾಕಿಗಳ ಮುಂದೆ ಕಿವಿ ಕೆಂಪಾಗುತ್ತವೆ. ಅದಕ್ಕೇ ಒಂದು ಸಂತೆಯನ್ನೂ ತಪ್ಪಿಸುವುದಿಲ್ಲ.

ಹೋದ ಸಂತೆಯಲ್ಲಿ ಒಬ್ಬ ಹೆಂಗಸು ಬಂದಳು. ನನಗಿಂತ ಚಿಕ್ಕವಳು, ಸೆರಗಿನಲ್ಲಿ ಮೆಂತ್ಯದ ಸಿವುಡು. ಎದಿ ಉರೀತದ ಅಣ್ಣಾ, ಗುಳಿಗಿ ಕೊಡು ಎಂದಳು. ಮಲ್ಲಿನಾಥನ ಕೈ ರೂಢಿಯಂತೆ ಡ್ರಾಯರಿಗೆ ಹೋಯಿತು. ನಾನು ಕೆಮ್ಮಲೂ ಇಲ್ಲ, ಸುಮ್ಮನೆ ನೋಡಿದೆ. ಅವನು ಡ್ರಾಯರು ಮುಚ್ಚಿದ.

"ತಂಗೀ, ಕೈಗಿ ಏನರ ನೋವು ಅದಾ?"

"ಅದಾ ಅಣ್ಣಾ. ರೊಟ್ಟಿ ಬಡದು ಬಡದು."

ಮಲ್ಲಿನಾಥ ನನ್ನ ಕಡೆ ತಿರುಗಲಿಲ್ಲ. ಗಲ್ಲೆ ದಾಟಿ ಹೊರಗೆ ಹೋಗಿ ಅವಳ ಎದುರು ನಿಂತ.

"ರೊಟ್ಟಿ ಹ್ಯಾಂಗ ಬಡೀತಿ ತಂಗಿ, ಜರಾ ಮಾಡಿ ತೋರಸು."

ಅವಳು ಮೆಂತ್ಯ ಕೆಳಗಿಟ್ಟು, ನಾಚಿಕೊಂಡು, ಗಲ್ಲೆಯ ಮೇಲೆ ಬಲಗೈಯಿಂದ ತಪತಪ ಬಡಿದು ತೋರಿಸಿದಳು. ನೋವು ಯಾವ ಕೈಗೆ ಎಂದು ಕೇಳಿದಾಗ ಇನ್ನೊಂದು ಕೈ ಚಾಚಿದಳು.